ಅಪ್ಪನ ಕ್ಯಾಲೆಂಡರು, ನನ್ನ 465 ಗೇಟು

ಮದ್ದೂರಲ್ಲಿ ವಡೆ ಕಟ್ಟಿಸ್ಕೊಂಡು ಮಳವಳ್ಳಿ ರಸ್ತೆಗೆ ತಿರುಗಿದಾಗಲೂ ನನ್ನ ತಲೇಲಿ ಸೋಮವಾರದ ಸ್ಲೈಡುಗಳೇ ಓಡ್ತಿದ್ದವು. ಊರಲ್ಲಿ ಜಗಲಿ ಮೇಲೆ ಲ್ಯಾಪ್‌ಟಾಪ್ ತೆಗೆದರೆ ಅಪ್ಪ ಬಗ್ಗಿ ನೋಡಿ, "ಅದೇನ್ ಮಗ?" ಅಂದರು.

ಕ್ವಾಂಟಮ್ ಫೂರಿಯೇ ಟ್ರಾನ್ಸ್‌ಫಾರ್ಮ್. ಏರಿಳಿಯೋ ಅಂಕಿಗಳ ಸಾಲಿನಲ್ಲಿ ಯಾವುದು ಎಷ್ಟು ದಿನಕ್ಕೊಮ್ಮೆ ಮರುಕಳಿಸುತ್ತೆ ಅಂತ ಬಿಡಿಸಿ ತೋರಿಸೋ ಲೆಕ್ಕ. ಮಾಮೂಲಿ ಕಂಪ್ಯೂಟರಿಗೆ 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ವೇಗದ ವಿಧಾನ ಇದೆ. ಆದರೂ 107 ಕೋಟಿ ಅಂಕಿಗಳಿಗೆ ಸಾವಿರಾರು ಕೋಟಿ ಹೆಜ್ಜೆ ಬೇಕು. ಕ್ವಾಂಟಮ್‌ನಲ್ಲಿ ಅಷ್ಟೂ 30 ಕ್ಯೂಬಿಟ್‌ನೊಳಗೆ ಕೂರುತ್ತೆ. 30 ಹಡಮಾರ್ಡ್ ಗೇಟು, ಫೇಸ್ ತಿರುಗಿಸೋ ಗೇಟು 435. ಒಟ್ಟು 465, ಕೊನೆಗೆ ಕ್ಯೂಬಿಟ್‌ಗಳ ಕ್ರಮ ಅದಲುಬದಲು ಮಾಡಿದರೆ ಮುಗೀತು. ತೀರಾ ಸಣ್ಣ ಕೋನದ ಗೇಟುಗಳನ್ನ ಬಿಟ್ಟರೂ ಉತ್ತರ ಹೆಚ್ಚೇನೂ ಕೆಡಲ್ಲ ಅಂತ ಕಾಪರ್‌ಸ್ಮಿತ್ 1994ರಲ್ಲೇ ತೋರಿಸಿದ್ದರು. ನನಗೆ ಈ ಜುಗ್ಗತನ ಬಹಳ ಇಷ್ಟ.

"ಅಂಗಾರೆ ನಮ್ ಗದ್ದೆಗೆ ನೀರ್ ಯಾವಾಗ ಬತ್ತದೆ ಅಂತ ಏಳ್ತದಾ?"

ನಮ್ಮದು ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಕಟ್ಟು ನೀರು: ಕೆಲವು ದಿನ ಬಿಡ್ತಾರೆ, ಕೆಲವು ದಿನ ನಿಲ್ಲಿಸ್ತಾರೆ. ಮೇಲಿನವರದ್ದಾಗಿ ಉಳಿದರೆ ನಮಗೆ. ನೀರು ಬಂದ ದಿನಕ್ಕೆಲ್ಲ ಅಪ್ಪ ಕ್ಯಾಲೆಂಡರಲ್ಲಿ ಗುರುತು ಹಾಕ್ತಾರೆ.

ಸುಳ್ಳು ಹೇಳೋಕಾಗಲಿಲ್ಲ. ಆ ಗುರುತುಗಳ ಲೆಕ್ಕ ಫೋನೇ ಮಾಡುತ್ತೆ. ಕೋಟಿಗಟ್ಟಲೆ ಅಂಕಿ ಇದ್ದರೂ ಹೊರಗಿನ ಡೇಟಾ ಆದರೆ, ಅದನ್ನ ಕ್ಯೂಬಿಟ್‌ಗಳಿಗೆ ತುಂಬಿಸೋಕೇ ಸಾಮಾನ್ಯವಾಗಿ ಕೋಟಿಗಟ್ಟಲೆ ಹೆಜ್ಜೆ. ಅಳೆದರೆ ಕೈಗೆ ಸಿಗೋದು 30 ಬಿಟ್‌ಗಳ ಒಂದೇ ಉತ್ತರ, ಇಡೀ ಪಟ್ಟಿ ಅಲ್ಲ. 1994ರ ಶೋರ್ ಅಲ್ಗಾರಿದಮ್ ಗೆದ್ದಿದ್ದು ಯಾಕೆ ಅಂದರೆ, ಅಲ್ಲಿ ಅಂಕಿಗಳು ಯಂತ್ರದೊಳಗೇ ಹುಟ್ಟುತ್ತವೆ, ಬೇಕಿರೋದೂ ಒಂದು ಆವರ್ತ ಮಾತ್ರ.

ಅಪ್ಪ ವಡೆ ಮುರೀತಾ, "ನಾಲೆ ಎಷ್ಟ್ ಅಗಲ ಇದ್ರೇನ್ ಮಗ, ತೂಬು ಚಿಕ್ದಲ್ವಾ" ಅಂದರು.

ನನ್ನ ಏಳನೇ ಸ್ಲೈಡಲ್ಲಿ ಗ್ರಾಹಕರ ಸೆನ್ಸರ್ ಡೇಟಾಗೆ ಇದೇ 465ರ ವೇಗ ಕೊಡ್ತೀವಿ ಅಂತ ಬರೆದಿದ್ದೆ. ಬಾಸ್‌ಗೆ ಅದೇ ಇಷ್ಟವಾಗಿತ್ತು. ಅಳಿಸಿದೆ. ಸೋಮವಾರ ಏನು ಹೇಳೋದು ಅಂತ ಯೋಚಿಸ್ತಾ ಒಳಗೆ ಹೋದಾಗ ಕ್ಯಾಲೆಂಡರು ಕಣ್ಣಿಗೆ ಬಿತ್ತು. ಆ ತಿಂಗಳು ಒಂದೂ ಗುರುತಿರಲಿಲ್ಲ.