ರಕ್ತ ಬಂದಲ್ಲಿಗೇ ಬ್ರಷ್

ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿಳಿಯುವಾಗಲೇ ಮಳೆ ಜೋರು. ಇಬ್ಬರಿಗೆ ಒಂದೇ ಕೊಡೆ. ಲೈಟ್‌ಹೌಸ್ ಹಿಲ್‌ನ ಏರು ಹತ್ತುತ್ತಿದ್ದೇವೆ, ರಸ್ತೆಯ ಅಂಚಿನಲ್ಲಿ ಕೆಂಪು ನೀರು ಕಾಲಿಗೆ ಬಡಿದು ಇಳಿದು ಹೋಗುತ್ತಿದೆ. ಅಕ್ಕನ ಮಗಳು ಬಾಯಿಗೆ ಕರ್ಚೀಫು ಅಡ್ಡ ಹಿಡಿದಿದ್ದಾಳೆ. ಮಳೆಗೆಂದು ಹಿಡಿದದ್ದಲ್ಲ ಅದು. 14 ವರ್ಷದ ಈ ಹುಡುಗಿ ಬಾಯಿ ಬಿಟ್ಟು ನಗದೆ ಮೂರು ವಾರವಾಯಿತು.

ಹಲ್ಲಿಗೆ ಕ್ಲಿಪ್ ಹಾಕಿಸಿ ಐದು ತಿಂಗಳು. ಮೊದಲು ತಂತಿ ಕಾಣುತ್ತದೆಂಬ ನಾಚಿಕೆ ಇತ್ತು. ಕ್ಲಾಸಿನಲ್ಲಿ ಇನ್ನೂ ನಾಲ್ಕು ಜನರಿಗೆ ಕ್ಲಿಪ್ ಬಿದ್ದ ಮೇಲೆ ಅದು ಹೋಯಿತು. ಈಗ ವಸಡು ಉಬ್ಬಿದೆ. ಮುಟ್ಟಿದರೆ ರಕ್ತ. "ನೋವಿರುವಲ್ಲಿ ಬ್ರಷ್ ತಾಗಿಸಬೇಡ, ಉಪ್ಪು ನೀರಲ್ಲಿ ಬಾಯಿ ಮುಕ್ಕಳಿಸು" ಎಂದು ಅಜ್ಜಿ ಹೇಳಿದರು. ಫೋನಿನಲ್ಲಿ ಕೇಳಿದಾಗ ನಾನೂ ಅದನ್ನೇ ಹೇಳಿದೆ. ಹೇಳಿದ್ದು ತಪ್ಪೆಂದು ಇನ್ನು ಅರ್ಧ ಗಂಟೆಯಲ್ಲಿ ನನಗೆ ಗೊತ್ತಾಗಲಿದೆ.

ಹಲ್ಲಿನ ವಿಷಯದಲ್ಲಿ ಈ ಊರಿಗೆ ಕೊರತೆ ಇಲ್ಲ. 1987ರಲ್ಲಿ ಶುರುವಾದ ಮಣಿಪಾಲದ ದಂತ ವೈದ್ಯಕೀಯ ಕಾಲೇಜು ಇದೇ ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿದೆ. ನೇತ್ರಾವತಿ ದಾಟಿ ದೇರಳಕಟ್ಟೆಗೆ ಹೋದರೆ 1985ರ ಎ.ಬಿ. ಶೆಟ್ಟಿ ಕಾಲೇಜು, 1992ರ ಯೆನೆಪೋಯ. ನಾವು ಬಂದಿರುವುದು ಏರಿನ ಒಂದು ಸಣ್ಣ ಕ್ಲಿನಿಕ್ಕಿಗೆ. ಹೊರಗಿನ ಬೆಂಚಿನಲ್ಲಿ ಮಂಜೇಶ್ವರದಿಂದ ಮಗನನ್ನು ಕರೆದುಕೊಂಡು ಬಂದ ತಾಯಿಯೊಬ್ಬರು ಕೂತಿದ್ದಾರೆ. ಆ ಹುಡುಗನ ಕ್ಲಿಪ್ಪಿನ ರಬ್ಬರು ನೀಲಿ. ನಮ್ಮವಳು ಓರೆಗಣ್ಣಿನಲ್ಲಿ ನೋಡುತ್ತಾಳೆ.

ಒಳಗೆ ಕರೆಯುತ್ತಾರೆ. ಕುರ್ಚಿ ಹಿಂದಕ್ಕೆ ವಾಲುತ್ತದೆ, ದೀಪ ಮುಖದ ಮೇಲೆ ಬರುತ್ತದೆ. "ಬಾಯಿ ದೊಡ್ಡ ಮಾಡು ಪುಟ್ಟಾ."

ನಾನು ಕುರ್ಚಿಯ ಪಕ್ಕದಲ್ಲೇ ನಿಂತಿದ್ದೇನೆ. ಐದು ತಿಂಗಳಲ್ಲಿ ಒಮ್ಮೆಯೂ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಮೇಲಿನ ಮುಂಭಾಗದ ಎರಡು ಹಲ್ಲುಗಳ ನಡುವೆ ವಸಡು ಮಾಗಿದ ಕರಂಡೆ ಹಣ್ಣಿನ ಹಾಗೆ ಊದಿ, ಹಲ್ಲಿಗೆ ಅಂಟಿಸಿದ ಬ್ರಾಕೆಟ್‌ನ ಅಂಚಿನ ಮೇಲೆ ಬಂದು ಕೂತಿದೆ. ಡಾಕ್ಟರು ಕನ್ನಡಿ ಹಿಡಿದು ತೋರಿಸುತ್ತಾರೆ. ಚೆನ್ನಾಗಿರುವ ವಸಡಿನ ಮೇಲೆ ಕಿತ್ತಳೆ ಸಿಪ್ಪೆಯಂತೆ ಸಣ್ಣ ಸಣ್ಣ ಗುಳಿಗಳಿರುತ್ತವಂತೆ. ಇವಳದು ನುಣ್ಣಗೆ, ಹೊಳೆಯುತ್ತಿದೆ. ನಮ್ಮವರ ವಸಡಿನಲ್ಲಿ ಕಂದು ಛಾಯೆ ಸಹಜ, ಅದನ್ನು ನೋಡಿ ಹೆದರಬೇಕಿಲ್ಲ, ಈ ಹೊಳಪನ್ನು ನೋಡಬೇಕು ಎನ್ನುತ್ತಾರೆ. ಚೂಪು ತುದಿಯ ಸಲಕರಣೆ ಮೆಲ್ಲ ತಾಗಿದ್ದಷ್ಟೇ, ಅಂಚಿನಲ್ಲಿ ರಕ್ತದ ಸಣ್ಣ ಗೆರೆ ಮೂಡುತ್ತದೆ. ಹುಡುಗಿ ಕಣ್ಣು ಮುಚ್ಚಿಕೊಳ್ಳುತ್ತಾಳೆ.

"ದಿನಕ್ಕೆ ಎಷ್ಟು ಸಲ ಬ್ರಷ್ ಮಾಡ್ತೀಯಾ?"

ಉತ್ತರವಿಲ್ಲ.

"ಬಿಟ್ಟಿದ್ದೀಯಾ? ಎಂತಕ್ಕೆ?"

"ರಕ್ತ ಬರ್ತದೆ, ಹಾಗೆ."

ಡಾಕ್ಟರು ಗದರಿಸುವುದಿಲ್ಲ. ಬದಲಿಗೆ ನನ್ನ ಕಡೆ ತಿರುಗಿ ಒಂದೊಂದಾಗಿ ಕೇಳುತ್ತಾರೆ. ಮೂರ್ಛೆರೋಗಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾಳಾ? ಆ ಮಾತ್ರೆಗಳಲ್ಲಿ ಫೆನಿಟಾಯಿನ್ ಎಂಬುದು ವಸಡನ್ನು ಬೆಳೆಸುತ್ತದೆ. ರಾತ್ರಿ ಬಾಯಿಯಲ್ಲಿ ಉಸಿರಾಡುತ್ತಾಳಾ? ಹಾಗಾದರೆ ಮುಂದಿನ ವಸಡು ಒಣಗಿ ಕೆರಳುತ್ತದೆ. ಬಳೆ, ಓಲೆ ತಾಗಿ ಮೈ ತುರಿಸಿದ್ದುಂಟಾ? ತಂತಿಯಲ್ಲಿ ನಿಕಲ್ ಇರುತ್ತದೆ, ಅಪರೂಪಕ್ಕೆ ಕೆಲವರಿಗೆ ಅದು ಆಗಿಬರುವುದಿಲ್ಲ. ಎಲ್ಲದಕ್ಕೂ ಇಲ್ಲ, ಇಲ್ಲ. ಇನ್ನು ಪ್ರಾಯ. ಮೈನೆರೆಯುವ ವಯಸ್ಸಿನಲ್ಲಿ ಹಾರ್ಮೋನಿನ ದೆಸೆಯಿಂದ ಸ್ವಲ್ಪ ಕೊಳೆಗೂ ವಸಡು ಜಾಸ್ತಿ ಊದುತ್ತದೆ. ಅದಕ್ಕೆ ಹುಡುಗಿ ಏನು ಮಾಡಿಯಾಳು?

ಆಮೇಲೆ ಹತ್ತಿಯ ತುದಿಯಲ್ಲಿ ಒಂದು ಬಣ್ಣದ ದ್ರಾವಣ ಸವರಿ, ನೀರಿನಲ್ಲಿ ಮುಕ್ಕಳಿಸಲು ಹೇಳುತ್ತಾರೆ. ಕನ್ನಡಿ ಅವಳ ಕೈಗೆ ಕೊಡುತ್ತಾರೆ. ಹಲ್ಲಿನ ನಡುಭಾಗ ಬೆಳ್ಳಗೇ ಇದೆ. ಬ್ರಾಕೆಟ್ಟಿನ ಸುತ್ತ, ತಂತಿಯ ಕೆಳಗೆ, ವಸಡಿನ ಅಂಚಿನ ಉದ್ದಕ್ಕೂ ಗುಲಾಬಿ ಬಣ್ಣ. ಕೆಲವು ಕಡೆ ನೇರಳೆ. "ಗುಲಾಬಿ ಇರುವುದು ಹೊಸ ಕೊಳೆ. ನೇರಳೆ ಇರುವುದು ಎರಡು ದಿನಕ್ಕಿಂತ ಹಳತು." ವಸಡು ಎಲ್ಲಿ ಹೆಚ್ಚು ಊದಿದೆಯೋ ಅಲ್ಲಿಯೇ ನೇರಳೆ ದಟ್ಟ. ಹುಡುಗಿ ಕನ್ನಡಿಯನ್ನು ಆಚೆ ಈಚೆ ವಾಲಿಸಿ ತುಂಬ ಹೊತ್ತು ನೋಡುತ್ತಾಳೆ. ಅಜ್ಜಿಯ ಮಾತೂ ನನ್ನ ಮಾತೂ ಆ ನೇರಳೆಯಲ್ಲಿ ಎದ್ದು ಕಾಣುತ್ತಿವೆ. ಬ್ರಷ್ ಬಿಟ್ಟದ್ದಕ್ಕೆ ಕೊಳೆ ನಿಂತಿತು, ಕೊಳೆಗೆ ವಸಡು ಊದಿತು, ಊದಿದ್ದಕ್ಕೆ ರಕ್ತ, ರಕ್ತ ಕಂಡು ಮತ್ತೆ ಬ್ರಷ್ ಬಿಟ್ಟದ್ದು.

ಕೈಗವಸು ಬದಲಿಸುತ್ತಾ ಡಾಕ್ಟರು ಒಂದು ಕಥೆ ಹೇಳುತ್ತಾರೆ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಎಂಬ ವಿಜ್ಞಾನಿ 12 ಮಂದಿಗೆ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಲು ಹೇಳಿದರು. ಬಹುಪಾಲು ಜನ ದಂತವೈದ್ಯ ಓದುವ ಹುಡುಗರು, ಎಲ್ಲರೂ ಆರೋಗ್ಯವಂತರು. 10ರಿಂದ 21 ದಿನದೊಳಗೆ ಒಬ್ಬರನ್ನೂ ಬಿಡದೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಲು ಶುರುಮಾಡಿದ ಒಂದು ವಾರದ ಸುಮಾರಿಗೆ ಸರಿಯಾಯಿತು. 1965ರಲ್ಲಿ ಅದು ಪ್ರಕಟವಾಯಿತು. ಕ್ಲಿಪ್ಪೇ ಇಲ್ಲದ ಬಾಯಿಯ ಕಥೆ ಇದು. ನನಗೆ ಈ ಕಥೆಯ ಕೊನೆಯ ಭಾಗ ಹಿಡಿಸಿತು. ಕುರ್ಚಿಯಲ್ಲಿದ್ದವಳಿಗೂ ಹಿಡಿಸಿರಬೇಕು, "ಒಂದೇ ವಾರವಾ?" ಎಂದಳು.

"ನಿನ್ನದು ಸ್ವಲ್ಪ ಜಾಸ್ತಿ ಹಿಡಿಯಬಹುದು. ಗಟ್ಟಿಯಾಗಿ ಬೆಳೆದದ್ದಾದರೆ ತಾನಾಗಿ ಇಳಿಯುವುದಿಲ್ಲ, ಮತ್ತೆ ಕತ್ತರಿಸಿ ತೆಗೆಯಬೇಕಾಗ್ತದೆ, ಲೇಸರಿನಲ್ಲಿಯೂ ಮಾಡ್ತಾರೆ. ಇದಿನ್ನೂ ಮೆತ್ತಗೆ ಉಂಟು. ಈಗ ಕ್ಲೀನ್ ಮಾಡುವ, ಒಂದು ತಿಂಗಳು ನೋಡುವ."

ಕ್ಲೀನಿಂಗ್ ಮುಗಿಯಲು ಮುಕ್ಕಾಲು ಗಂಟೆ. ನೀರು ಚಿಮ್ಮುವ ಸದ್ದು, ಎಂಜಲು ಎಳೆಯುವ ನಳಿಕೆಯ ಸುರ್‍ರ್. ಅವಳ ಎಡಗೈ ನನ್ನ ಕೈಯನ್ನು ಬಿಗಿ ಹಿಡಿದಿದೆ.

ಆಮೇಲೆ ಬ್ರಷ್ ಪಾಠ. ಹಲ್ಲಿನ ಮಾದರಿಯೊಂದಕ್ಕೆ ಕ್ಲಿಪ್ ಅಂಟಿಸಿಟ್ಟಿದ್ದಾರೆ. ಮೆತ್ತನೆಯ ಬ್ರಷ್ಷನ್ನು 45 ಡಿಗ್ರಿ ಓರೆ ಮಾಡಿ ಎಳೆಗಳ ತುದಿ ವಸಡಿನ ಅಂಚಿಗೆ ಸೇರುವಂತೆ ಇಟ್ಟು, ಇದ್ದಲ್ಲೇ ಸಣ್ಣಗೆ ಅಲುಗಿಸಬೇಕು. ಒಮ್ಮೆ ತಂತಿಯ ಮೇಲಿನಿಂದ, ಒಮ್ಮೆ ಕೆಳಗಿನಿಂದ. ಪೇಸ್ಟಿನಲ್ಲಿ ಫ್ಲೋರೈಡ್ ಇರಲೇಬೇಕು, ಇಲ್ಲದಿದ್ದರೆ ಕ್ಲಿಪ್ ತೆಗೆದ ದಿನ ಬ್ರಾಕೆಟ್ ಇದ್ದ ಜಾಗದ ಸುತ್ತ ಬಿಳಿ ಕಲೆ ಕಂಡೀತು. ಇನ್ನು ಬೆರಳುದ್ದದ ಪುಟ್ಟ ಬ್ರಷ್, ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂಥದ್ದು. ಅದನ್ನು ತಂತಿಯಡಿ ತೂರಿಸಿ, ಎರಡು ಬ್ರಾಕೆಟ್‌ಗಳ ನಡುವೆ ಮೇಲೆ ಕೆಳಗೆ ಎಳೆಯಬೇಕು. "ರಕ್ತ ಬಂದಲ್ಲಿಗೇ ಬ್ರಷ್ ಹೋಗಬೇಕು. ಜೋರಿಲ್ಲದೆ, ಆದರೆ ಬಿಡದೆ."

ಕ್ಲೋರ್‌ಹೆಕ್ಸಿಡಿನ್ ಬಾಯಿ ಮುಕ್ಕಳಿಸುವ ಔಷಧಿ ಎರಡು ವಾರಕ್ಕೆ ಮಾತ್ರ. ಹೆಚ್ಚು ದಿನ ಬಳಸಿದರೆ ಹಲ್ಲು ಕಂದಾಗುತ್ತದೆ, ನಾಲಗೆಯ ರುಚಿ ಕೆಡುತ್ತದೆ. ಪೇಸ್ಟಿನಲ್ಲಿ ಉಜ್ಜಿ ಅರ್ಧ ಗಂಟೆ ಬಿಟ್ಟು ಹಾಕಿಕೊಳ್ಳಬೇಕು, ಕೂಡಲೇ ಹಾಕಿದರೆ ಅದರ ಕೆಲಸ ಕುಂದುತ್ತದೆ. ಅಜ್ಜಿಯ ಉಪ್ಪು ನೀರು ಮುಂದುವರಿಯಲಿ, ಉಗುರುಬೆಚ್ಚಗಿನ ಒಂದು ಲೋಟಕ್ಕೆ ಅರ್ಧ ಚಮಚ. ಉರಿ ಶಮನವಾಗುತ್ತದೆ. ಕೊಳೆ ಕೀಳುವುದು ಮಾತ್ರ ಅದರಿಂದ ಆಗದು.

ತಿನ್ನುವುದರ ಮಾತು ಬಂದಾಗ ಅವಳ ಮುಖ ಬಾಡುತ್ತದೆ. ಹಲಸಿನ ಹಪ್ಪಳ ಬೇಡ. ಈ ಮಳೆಯಲ್ಲಿ, ಅಜ್ಜಿ ಬೇಸಿಗೆಯಿಡೀ ಒಣಗಿಸಿ ಡಬ್ಬಿ ತುಂಬಿಸಿಟ್ಟಿರುವಾಗ! ಚಕ್ಕುಲಿಯೂ ಬೇಡ, ಬ್ರಾಕೆಟ್ ಕಿತ್ತು ಬರುತ್ತದೆ. ಕೋರಿ ರೊಟ್ಟಿ? ಸಾರಿನಲ್ಲಿ ಪೂರ್ತಿ ನೆನೆದ ಮೇಲೆ ಅಡ್ಡಿಯಿಲ್ಲ. ನೀರುದೋಸೆ, ಕುಚ್ಚಲಕ್ಕಿ ಗಂಜಿ ಧಾರಾಳ. ತಿಂದ ಮೇಲೆ ಬಾಯಿ ತೊಳೆಯಬೇಕು, ಶಾಲೆಯಲ್ಲಿದ್ದರೂ.

ರಾತ್ರಿ ಒಂಬತ್ತೂವರೆ. ವಾಷ್‌ಬೇಸಿನ್ ಮುಂದೆ ಅವಳು, ಹಿಂದೆ ನಾನು. ಓರೆ ಹಿಡಿದ ಬ್ರಷ್ ವಸಡಿಗೆ ತಾಗುತ್ತದೆ. ಹುಬ್ಬು ಗಂಟಿಕ್ಕುತ್ತದೆ. ಉಗಿದ ನೊರೆ ಗುಲಾಬಿ. ಅವಳು ನಲ್ಲಿ ಬಿಟ್ಟು ಅದನ್ನು ಹರಿಯಗೊಟ್ಟು, ನನ್ನ ಮುಖ ನೋಡುತ್ತಾಳೆ. ನಾನು ತಲೆಯಾಡಿಸುತ್ತೇನೆ. ಬ್ರಷ್ ಮತ್ತೆ ಅಲ್ಲಿಗೇ ಹೋಗುತ್ತದೆ. ಆಮೇಲೆ ಪುಟ್ಟ ಬ್ರಷ್ಷು. ಮೊದಲ ಸಂದಿಗೆ ತೂರಿಸಲು ಮೂರು ಸಲ ಪ್ರಯತ್ನ, ಎರಡನೆಯದಕ್ಕೆ ಎರಡು.

ಮೂರನೆಯದರಲ್ಲಿದ್ದಾಗ ಗುಡುಗಿ ಕರೆಂಟು ಹೋಗುತ್ತದೆ. ಮೊಬೈಲಿನ ಟಾರ್ಚ್ ಹೊತ್ತಿಸುತ್ತೇನೆ. ಕನ್ನಡಿಯಲ್ಲಿ ತಂತಿ ಮಿನುಗುತ್ತದೆ.

"ಚಿಕ್ಕಮ್ಮ, ಲೈಟು ಸ್ವಲ್ಪ ಕೆಳಗೆ ಹಿಡಿ. ಇನ್ನೂ ಕೆಳಗಿನ ಸಾಲು ಉಂಟು."