ಲೇಕಾಕಿನ ಕಿಟಕಿ

ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದಲ್ಲಿ ಲೇಕಾಕ್ ಎಂಬುದೊಂದು ಪುಟ್ಟ ಹಳ್ಳಿ. ಅಲ್ಲಿಗೆ ಹೋದವನು ಕಲ್ಲುಮನೆಗಳನ್ನೂ, ಸಂತ ಸಿರಿಯಾಕನ ಚರ್ಚನ್ನೂ, ಏವನ್ ನದಿಯ ಹಸುರು ದಂಡೆಯನ್ನೂ ಮನದಣಿಯೆ ಕ್ಯಾಮೆರಾದಲ್ಲಿ ತುಂಬಿಕೊಂಡೆ. ಕಡೆಗೆ, ಹಿಂದೆ ಸಂನ್ಯಾಸಿನಿಯರ ಮಠವಾಗಿದ್ದ ದೊಡ್ಡ ಮನೆಯೊಳಗೆ ಒಂದು ಕಿಟಕಿಯ ಮುಂದೆ ನಿಂತೆ. 1835ರ ಆಗಸ್ಟಿನಲ್ಲಿ ಮನೆಯೊಡೆಯ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಈ ಕಿಟಕಿಯ ಬೆಳಕನ್ನು ಅಂಚೆಚೀಟಿಯಷ್ಟು ಕಾಗದದ ಮೇಲೆ ಹಿಡಿದಿಟ್ಟನು. ಇಂದು ಉಳಿದಿರುವ ಕ್ಯಾಮೆರಾ ನೆಗೆಟಿವ್‌ಗಳಲ್ಲಿ ಅದೇ ಅತ್ಯಂತ ಹಳೆಯದು.

ಕ್ಯಾಮೆರಾ ಎತ್ತಿದ ಕೈ ತಡೆಯಿತು. ನಮ್ಮೂರಿನ ಹೆಂಚಿನ ಮನೆಯನ್ನು ಕಳೆದ ವರ್ಷ ಕೆಡವಿಸಿದವನು ನಾನೇ. ಅಮ್ಮ ಕುಳಿತು ಹೂ ಕಟ್ಟುತ್ತಿದ್ದ ಕಿಟಕಿಯ ಚಿತ್ರ ಒಂದೂ ನನ್ನಲ್ಲಿಲ್ಲ. ದಿನವೂ ಕಾಣುವ ಕಿಟಕಿಯಲ್ಲಿ ಚಿತ್ರ ತೆಗೆಯುವಂಥದು ಏನಿದೆಯೆಂದು ಭಾವಿಸಿದ್ದೆ. ಟಾಲ್ಬಟ್ ತೆಗೆದುದಾದರೂ ಏನನ್ನು? ದಿನವೂ ಕಾಣುವ ತನ್ನ ಮನೆಯ ಕಿಟಕಿಯನ್ನೇ ಅಲ್ಲವೆ?