ಹದಿನಾಲ್ಕು ವರ್ಷದ ಲೆಕ್ಕ

ನಮ್ಮ ಬುಕ್ಕಾಂಬುಧಿಯ ಕಟ್ಟೆಯ ಮೇಲೆ ಕೂರುತ್ತಿದ್ದ ಹಿರಿಯರ ಲೆಕ್ಕ ಸರಳವಾಗಿತ್ತು. ಜೀವಾವಧಿ ಎಂದರೆ ಹದಿನಾಲ್ಕು ವರ್ಷ. ಜೈಲಿನಲ್ಲಿ ಹಗಲೊಂದು ದಿನ, ರಾತ್ರಿಯೊಂದು ದಿನ. ಹಾಗಾಗಿ ಏಳೇ ವರ್ಷಕ್ಕೆ ಬಿಡುಗಡೆ! ನಾನೂ ನಂಬಿದ್ದೆ.

ಆ ನಂಬಿಕೆ ಅಲುಗಾಡಿದ್ದು ನಮ್ಮ ಬೀದಿಯ ಅಣ್ಣನೊಬ್ಬ ಪೆರೋಲ್ ಮೇಲೆ ಬಂದಾಗ. ಬದುವಿನ ಜಗಳ ಕೊಲೆಯಲ್ಲಿ ಮುಗಿದಿತ್ತು. ಸತ್ತವನ ಮನೆಯೂ ನಮ್ಮೂರಲ್ಲೇ. ತಾಯಿ ತೀರಿಕೊಂಡರೆಂದು ಬಂದವನು ಆ ಮನೆಯ ಮುಂದೆ ಹಾಯಲಾರದೆ ಹೊಲಗಳ ಮೇಲೆ ಸುತ್ತಿ ಓಡಾಡುತ್ತಿದ್ದ. ಈರುಳ್ಳಿ ಕೀಳುವ ಕಾಲ. ಅವನೊಂದಿಗೆ ಚೀಲ ಹಿಡಿದಿದ್ದ ನಾನು, ಹುಡುಗುಬುದ್ಧಿ ನೋಡಿ, "ಇನ್ನೆಷ್ಟು ವರ್ಷ ಅಣ್ಣ?" ಎಂದು ಕೇಳಿಬಿಟ್ಟೆ.

"ಗೊತ್ತಿದ್ರೆ ಗೋಡೆ ಮೇಲೆ ಗೀಟು ಎಳೀತಿದ್ದೆ ಕಣಪ್ಪ" ಎಂದ.

ಅದು ಅರ್ಥವಾದದ್ದು ದೊಡ್ಡವನಾಗಿ ಕಾನೂನಿನ ಪುಸ್ತಕ ತೆರೆದಾಗ. ಜೀವಾವಧಿಯೆಂದರೆ ಬದುಕಿರುವ ತನಕ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಗೋಪಾಲ ಗೋಡ್ಸೆ ಪ್ರಕರಣದಲ್ಲಿ ಹೇಳಿತ್ತು. ಗಲ್ಲಿಗೂ ಅವಕಾಶವಿರುವ ಅಪರಾಧದಲ್ಲಿ ಜೀವಾವಧಿ ಆದವರನ್ನು ಹದಿನಾಲ್ಕು ವರ್ಷದೊಳಗೆ ಸರ್ಕಾರ ಬಿಡಬಾರದೆಂಬ ನಿಯಮ ಬಂದದ್ದು 1978ರಲ್ಲಿ. ಆ ಹದಿನಾಲ್ಕು ಬಾಗಿಲು ತಟ್ಟಲು ಬೇಕಾದ ಅರ್ಹತೆ ಅಷ್ಟೆ, ತೆರೆಯುತ್ತದೆಂಬ ಭರವಸೆಯಲ್ಲ. 2008ರಲ್ಲಿ ಬೆಂಗಳೂರಿನ ಶಾಕಿರಾ ಖಲೀಲಿ ಕೊಲೆ ಪ್ರಕರಣದಲ್ಲಿ, ಗಲ್ಲಿನ ಬದಲು ಸ್ವಾಮಿ ಶ್ರದ್ಧಾನಂದನಿಗೆ ಸಾಯುವವರೆಗೂ ಬಿಡುಗಡೆಯಿಲ್ಲದ ಸೆರೆ ವಿಧಿಸಲಾಯಿತು. ಆ ಕ್ರೌರ್ಯ ಓದಿದವರಿಗೆ ಕನಿಕರ ಸುಲಭವಾಗಿ ಬರುವುದಿಲ್ಲ, ನನಗೂ ಬಂದಿಲ್ಲ.

ಆದರೆ ಎಲ್ಲ ಕೈದಿಗಳೂ ಅವನಲ್ಲ. ಕೊನೆಯ ದಿನಾಂಕವೇ ಇಲ್ಲದವನಿಗೆ ಪೆರೋಲ್ ಒಂದೇ ಕ್ಯಾಲೆಂಡರು. 2024ರಲ್ಲಿ ನಮ್ಮ ಹೈಕೋರ್ಟ್, ಹನ್ನೊಂದು ವರ್ಷ ಒಳಗಿದ್ದ ಕೊಲೆ ಅಪರಾಧಿಯೊಬ್ಬನಿಗೆ ಬೇಸಾಯ ನೋಡಿಕೊಳ್ಳಲೆಂದು 90 ದಿನ ಪೆರೋಲ್ ಕೊಟ್ಟಿತು. ಮನೆಯಲ್ಲಿ ಹೊಲ ನೋಡುವ ಗಂಡಸರಿರಲಿಲ್ಲ. ಆ ಸುದ್ದಿ ಓದಿದಾಗ ನನಗೆ ಈರುಳ್ಳಿಯ ವಾಸನೆ ಬಂದಂತಾಯಿತು. ಬಿಡುವುದಿಲ್ಲವೆನ್ನಲು ಸರ್ಕಾರಕ್ಕೆ ಅಧಿಕಾರವಿರಲಿ. ಏಕೆ ಬಿಡುವುದಿಲ್ಲ, ಮತ್ತೆ ಯಾವಾಗ ಕೇಳಬಹುದು ಎಂಬುದನ್ನಾದರೂ ಬರೆದುಕೊಡಬೇಡವೆ? ಸತ್ತವನ ಮನೆಯವರನ್ನೂ ಒಂದು ಮಾತು ಕೇಳಬೇಡವೆ? ನಮ್ಮೂರಲ್ಲಿ ಆ ತಾಯಿಯನ್ನು ಯಾರೂ ಕೇಳಲಿಲ್ಲ. ಅವನು ಬಂದಷ್ಟು ದಿನವೂ ಆಕೆ ಕದ ಹಾಕಿಕೊಂಡೇ ಇದ್ದರು.

ಕೊನೆಯ ದಿನ ಅಣ್ಣ ಬೆಳಗಿನ ಮೊದಲ ಬಸ್ಸಿಗೇ ಅಜ್ಜಂಪುರಕ್ಕೆ ಹೊರಟ. ಗಡುವು ಸಂಜೆಯವರೆಗಿತ್ತು. ಉಂಡು ಹೋಗೆಂದು ನಮ್ಮಮ್ಮ ಅಂದರೂ ನಿಲ್ಲಲಿಲ್ಲ. ದಾರಿಯಲ್ಲಿ ಬಸ್ಸು ಕೆಟ್ಟು ತಡವಾದರೆ ಮುಂದಿನ ಸಲ ಕೊಡುವುದಿಲ್ಲ ಎಂಬ ಭಯ ಅವನಿಗೆ.